ಯಾವ ಬಂದರು, ಎಷ್ಟು ಮೆಟ್ಟಿಲು? ಜೆನೋವಾದಲ್ಲಿ ಒಂದು ಹೋಟೆಲ್ ಆಯ್ಕೆಯ ಪ್ರಕರಣ

ಈ ಬರಹವನ್ನು ಒಂದು ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಊರು ಇಲ್ಲಿ ಇಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಹೋಟೆಲುಗಳಿಗೂ ಹೆಸರು ಕೊಟ್ಟಿಲ್ಲ. ತೀರ್ಮಾನಗಳು, ಅವಕ್ಕೆ ಕಾರಣ, ಆದ ತಪ್ಪು, ಇವೆಲ್ಲ ನಡೆದ ಹಾಗೇ ಇವೆ.

ಹಿನ್ನೆಲೆ

ನಾನು ಬೆಂಗಳೂರಿನಲ್ಲಿ ಕೂತು ಕುಟುಂಬಗಳಿಗೆ ಪ್ರವಾಸ ಜೋಡಿಸಿಕೊಡುತ್ತೇನೆ. ಈ ಕುಟುಂಬ ಮಧ್ಯ ಕರ್ನಾಟಕದ್ದು. ಐದು ಜನ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಗಂಡನ ತಾಯಿ, ಆ ತಾಯಿಯ ತಂಗಿ. ಹಿರಿಯರಿಬ್ಬರೂ ಎಪ್ಪತ್ತರ ಆಚೀಚೆ. ತಾಯಿಗೆ ಎರಡೂ ಮಂಡಿ ನೋವು. ಮಟ್ಟಸ ರಸ್ತೆಯಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ.

ದಸರಾ ರಜೆಗೆ ಹೊರಟಿದ್ದರು. ಮಿಲಾನಿಗೆ ವಿಮಾನ, ಅಲ್ಲಿ ಎರಡು ದಿನ. ಆಮೇಲೆ ರೈಲಿನಲ್ಲಿ ಜೆನೋವಾ. ಅಲ್ಲಿ ಮೂರು ರಾತ್ರಿ ಉಳಿದು, ನಾಲ್ಕನೇ ದಿನ ಮಧ್ಯಾಹ್ನ ಕ್ರೂಸ್ ಹಡಗು ಹತ್ತುವುದು. ನೆಂಟರಲ್ಲಿ ಅರ್ಧ ಜನ ಇವರು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗುತ್ತಿದ್ದಾರೆ ಅಂದುಕೊಂಡಿದ್ದರು. ಜಿನೀವಾ ಬೇರೆ, ಜೆನೋವಾ ಬೇರೆ. ಇದು ಇಟಲಿಯ ವಾಯವ್ಯ ಮೂಲೆಯಲ್ಲಿರುವ ಬಂದರು ನಗರ. ಕೊಲಂಬಸ್ 1451ರಲ್ಲಿ ಹುಟ್ಟಿದ ಊರು.

ಹೋಟೆಲ್ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಆಸೆ. ಗಂಡನಿಗೆ ಕಿಟಕಿ ತೆಗೆದರೆ ಸಮುದ್ರ ಕಾಣಬೇಕು. ಹೆಂಡತಿಗೆ ಒಂದು ಪುಟ್ಟ ಅಡುಗೆಮನೆ ಬೇಕು, ಒಂದು ಹೊತ್ತಾದರೂ ಅನ್ನ ಸಾರು ಮಾಡಿಕೊಳ್ಳಬೇಕು. ಮಗಳಿಗೆ ಅಕ್ವೇರಿಯಂ ಹತ್ತಿರ ಇರಬೇಕು. ಚಿಕ್ಕಮ್ಮನಿಗೆ ಬಾತ್‌ರೂಮಿನಲ್ಲಿ ನೀರು ಬೇಕು, ಬರೀ ಪೇಪರ್ ಆಗೋದಿಲ್ಲ. ತಾಯಿ ಏನೂ ಕೇಳಲಿಲ್ಲ.

ಅದನ್ನು ನಾನು ಅವತ್ತೇ ಗಮನಿಸಬೇಕಿತ್ತು. ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳ ದುಡ್ಡಲ್ಲಿ ಹೋಗುವಾಗ ಬಾಯಿ ಬಿಟ್ಟು ಕೇಳುವುದಿಲ್ಲ. ಬೇಡಿಕೆ ಇಡದೆ ಸುಮ್ನೆ ಇರುವವರಿಗೇ ಕಷ್ಟ ಜಾಸ್ತಿ ಇರುತ್ತದೆ.

ಈ ಊರಿನ ಗುಣ

ಪ್ರಕರಣ ಅರ್ಥವಾಗಬೇಕಾದರೆ ಮೊದಲು ಊರು ಹೇಗಿದೆ ಅಂತ ತಿಳಿಯಬೇಕು. ಜೆನೋವಾಕ್ಕೆ ಮುಂದೆ ಸಮುದ್ರ, ಬೆನ್ನಿಗೆ ಗುಡ್ಡ. ನಡುವೆ ಮಟ್ಟಸ ನೆಲ ಅಂತ ಇರುವುದು ಒಂದು ಸಣ್ಣ ಪಟ್ಟಿ. ಜಾಗ ಸಾಲದೆ ಊರು ಗುಡ್ಡ ಹತ್ತಿದೆ. ಬಸ್ಸು ಹತ್ತುವ ಹಾಗೆ ಜನ ಇಲ್ಲಿ ಲಿಫ್ಟ್ ಹತ್ತುತ್ತಾರೆ. ಬೀದಿಯಿಂದ ಬೀದಿಗೆ ಹೋಗುವ ಸಾರ್ವಜನಿಕ ಲಿಫ್ಟುಗಳು, ಉಕ್ಕಿನ ಹಗ್ಗ ಎಳೆದು ಗುಡ್ಡ ಏರಿಸುವ ಫ್ಯುನಿಕುಲರ್ ರೈಲುಗಳು ನಗರದ ಸಾರಿಗೆಯ ಭಾಗ. ಮೆಟ್ರೊ ಕೂಡ ಇದೆ. ಒಂದೇ ಗೆರೆ, 8 ನಿಲ್ದಾಣ.

ಹಾಗಾಗಿ ಫೋನಿನ ಮ್ಯಾಪು ಇಲ್ಲಿ ಅರ್ಧ ಸತ್ಯ ಹೇಳುತ್ತದೆ. ಆರುನೂರು ಮೀಟರ್ ಅಂತ ತೋರಿಸಿದ್ದು ಮಟ್ಟಸ ದಾರಿಯೋ, ಇಟ್ಟಿಗೆ ಹಾಸಿದ ಕಡಿದಾದ ಏರು ಓಣಿಯೋ, ಬರೀ ಮೆಟ್ಟಿಲೋ ಅಂತ ಆ ಅಂಕಿಯಿಂದ ಗೊತ್ತಾಗುವುದಿಲ್ಲ.

ಎರಡನೆಯದು ಬಂದರು. ಜೆನೋವಾದ ಬಂದರು ಅಂದರೆ ಒಂದು ಗೇಟು, ಒಂದು ಕಟ್ಟೆ ಅಲ್ಲ. ಕರಾವಳಿಯುದ್ದಕ್ಕೂ 20 ಕಿಲೋಮೀಟರ್ ಹರಡಿಕೊಂಡಿದೆ. ಪ್ರವಾಸಿಗರಿಗೆ ಬೇಕಾಗುವುದು ಅದರಲ್ಲಿ ಮೂರು ಜಾಗ. ಒಂದು, ಪೋರ್ತೊ ಆಂತಿಕೊ, ಅಂದರೆ ಹಳೇ ಬಂದರು. ಇಲ್ಲಿಂದ ಈಗ ದೊಡ್ಡ ಹಡಗು ಹೊರಡುವುದಿಲ್ಲ. ಇದೇ ಊರಿನ ವಾಸ್ತುಶಿಲ್ಪಿ ರೆಂಜೊ ಪಿಯಾನೊ 1992ರ ಹೊತ್ತಿಗೆ ಇದನ್ನು ಜನ ಓಡಾಡುವ ಜಾಗವಾಗಿ ಮಾಡಿದರು. ಅಕ್ವೇರಿಯಂ ಇರುವುದು ಇಲ್ಲಿ. ಎರಡು, ಸ್ತಾತ್ಸಿಯೋನೆ ಮರಿತ್ತಿಮಾ. 1930ರಲ್ಲಿ ಶುರುವಾದ ಪ್ರಯಾಣಿಕರ ಹಡಗು ನಿಲ್ದಾಣ. ಕ್ರೂಸ್ ಹಡಗುಗಳು ಇಲ್ಲಿ ನಿಲ್ಲುತ್ತವೆ. ಮೂರು, ಇನ್ನೂ ಪಶ್ಚಿಮಕ್ಕೆ ಇರುವ ಫೆರ್ರಿ ಟರ್ಮಿನಲ್. ಸಾರ್ಡೀನಿಯಾ, ಕೋರ್ಸಿಕಾ, ಸಿಸಿಲಿ, ಟ್ಯೂನಿಸ್ ಕಡೆ ಕಾರು ಲಾರಿ ಸಮೇತ ಹೋಗುವ ಹಡಗುಗಳು ಹೊರಡುವುದು ಅಲ್ಲಿಂದ.

ಮೂರನ್ನೂ ಜನ ‘ಬಂದರು’ ಅಂತಲೇ ಕರೆಯುತ್ತಾರೆ. ತಪ್ಪು ಶುರುವಾದದ್ದು ಇಲ್ಲೇ.

ಸಮಸ್ಯೆ

ಗಂಡ ಒಂದು ರಾತ್ರಿ ಫೋನ್ ಮಾಡಿದರು. “ಅಕ್ಕಾ, ಹೋಟೆಲ್ ಆಗೋಯ್ತು. ಬಂದರಿಗೆ ಐನೂರೇ ಮೀಟರ್. ಸಮುದ್ರ ಕಾಣ್ಸುತ್ತೆ. ರೇಟಿಂಗೂ ಚೆನ್ನಾಗಿದೆ.” ರದ್ದು ಮಾಡಿದರೆ ದುಡ್ಡು ವಾಪಸ್ ಬರದ ದರ ತಗೊಂಡಿದ್ದರು, ಅಗ್ಗ ಅಂತ. ಮೂರು ರಾತ್ರಿ, ಎರಡು ರೂಮು.

ನಾನು ವಿಳಾಸ ನೋಡಿದೆ. ಅದು ಫೆರ್ರಿ ಟರ್ಮಿನಲ್ ಹಿಂದಿನ ಗುಡ್ಡದ ಮೇಲಿತ್ತು. ಐನೂರು ಮೀಟರ್ ಅಂದದ್ದು ನಿಜ. ಆದರೆ ಫೆರ್ರಿಗೆ. ಇವರ ಹಡಗು ಹೊರಡುವ ಕಟ್ಟೆ ಅಲ್ಲಿಂದ ಒಂದು ಕಿಲೋಮೀಟರಿಗೂ ಜಾಸ್ತಿ. ನಡುವೆ ಲಾರಿಗಳು ಓಡಾಡುವ ರಸ್ತೆ. ಸಮುದ್ರ ಕಾಣಿಸುತ್ತದೆ ಅಂದದ್ದೂ ನಿಜವೇ. ಎತ್ತರದಲ್ಲಿದ್ದರೆ ತಾನೇ ಸಮುದ್ರ ಕಾಣುವುದು?

ಹೋಟೆಲಿನವರು ಎಲ್ಲೂ ಸುಳ್ಳು ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಇಂಥ ತಪ್ಪಾದಾಗ ನಾವು ಮೋಸ ಹೋದೆವು ಅಂತ ಕೂಗಾಡುತ್ತೇವೆ. ಇಲ್ಲಿ ಮೋಸ ಇರಲಿಲ್ಲ. ನಾವು ಕೇಳಬೇಕಾದ್ದನ್ನು ಕೇಳಿರಲಿಲ್ಲ, ಅಷ್ಟೇ.

ಮಾರನೇ ದಿನ ವೀಡಿಯೊ ಕಾಲ್‌ನಲ್ಲಿ ಎಲ್ಲರೂ ಕೂತರು. ಮಗ ಫೋಟೊ ತೋರಿಸುತ್ತಿದ್ದರು. ಟೆರೇಸು, ಬಿಳಿ ಹಾಸಿಗೆ, ನೀಲಿ ನೀರು. ತಾಯಿ ಹಿಂದೆ ಕೂತು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು. “ಅಲ್ಲವ್ವಾ, ಮೆಟ್ಲು ಎಷ್ಟೈತಂತೆ?”

ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ. ಹೋಟೆಲಿಗೆ ಬರೆದು ಕೇಳಿದೆವು. ಬಸ್ ನಿಲ್ಲುವ ಬೀದಿಯಿಂದ ಬಾಗಿಲಿಗೆ 50ಕ್ಕೂ ಜಾಸ್ತಿ ಮೆಟ್ಟಿಲು, ಒಳಗೆ ಲಿಫ್ಟ್ ಇಲ್ಲ, ರೂಮು ಎರಡನೇ ಮಹಡಿ. ಅವರು ಪ್ರಾಮಾಣಿಕವಾಗಿ ಬರೆದರು. ದುಡ್ಡು ವಾಪಸ್ ಕೊಡಲು ಮಾತ್ರ ಆಗುವುದಿಲ್ಲ ಅಂದರು.

ಹೋದ ದುಡ್ಡಿನ ಲೆಕ್ಕ

ಇಡೀ ಪ್ರಕರಣದಲ್ಲಿ ಕಷ್ಟದ ತೀರ್ಮಾನ ಇದೇ. ಸುಮಾರು 400 ಯೂರೊ ಕಟ್ಟಿ ಆಗಿತ್ತು. ಮಗನಿಗೆ ಬಿಡಲು ಮನಸ್ಸಿಲ್ಲ. “ಟ್ಯಾಕ್ಸಿ ಮಾಡ್ಕೊಂಡ್ರೆ ಆಯ್ತು, ಅಮ್ಮ ದಿನಕ್ಕೆ ಒಂದೇ ಸಲ ಹತ್ತಿ ಇಳಿದ್ರೆ ಸಾಕು” ಅಂದರು. ಹೆಂಡತಿ ಸುಮ್ಮನಿದ್ದರು. ಅತ್ತೆಯ ಪರ ಮಾತಾಡಿದರೆ ಗಂಡನ ತಪ್ಪು ಎತ್ತಿ ತೋರಿಸಿದ ಹಾಗೆ, ಗಂಡನ ಪರ ಮಾತಾಡಿದರೆ ಅತ್ತೆಯ ಮಂಡಿ.

ನಾನು ಅವರಿಗೆ ಒಂದೇ ಪ್ರಶ್ನೆ ಕೇಳಿದೆ. ಈ ಮೂರು ದಿನದಲ್ಲಿ ಯಾವುದು ತಪ್ಪಿದರೆ ಇಡೀ ಪ್ರವಾಸ ಕೆಡುತ್ತದೆ? ಅಕ್ವೇರಿಯಂ ತಪ್ಪಿದರೆ ಬೇಜಾರು. ಅಡುಗೆ ಇಲ್ಲದಿದ್ದರೆ ಸುಧಾರಿಸಿಕೊಳ್ಳಬಹುದು. ಹಡಗು ತಪ್ಪಿದರೆ ಅದು ಕಾಯುವುದಿಲ್ಲ. ಮೆಟ್ಟಿಲಲ್ಲಿ ಕಾಲು ಉಳುಕಿದರೆ ಹಡಗಿನ ಏಳು ದಿನವೂ ಹೋಯಿತು. ಅಂದರೆ ಈ ಹೋಟೆಲಿನ ಮುಖ್ಯ ಕೆಲಸ ಎರಡೇ. ತಾಯಿಯ ಮಂಡಿ ಕಾಯುವುದು, ನಾಲ್ಕನೇ ದಿನ ಐದು ಸೂಟ್‌ಕೇಸ್ ಸಮೇತ ಎಲ್ಲರನ್ನೂ ಹಡಗಿನ ಕಟ್ಟೆಗೆ ಸಲೀಸಾಗಿ ಮುಟ್ಟಿಸುವುದು. ಉಳಿದದ್ದೆಲ್ಲ ಆಮೇಲೆ.

400 ಯೂರೊ ಆಗಲೇ ಹೋಗಿದೆ. ಅಲ್ಲಿ ಉಳಿದರೂ ಅದು ವಾಪಸ್ ಬರುವುದಿಲ್ಲ. ಉಳಿಯುವುದಕ್ಕೆ ಇನ್ನೇನು ತೆರಬೇಕು ಅನ್ನುವುದಷ್ಟೇ ಈಗಿನ ಪ್ರಶ್ನೆ. ಇದನ್ನು ಹೇಳುವುದು ಸುಲಭ. ಮಗನಿಗೆ ಎರಡು ದಿನ ಬೇಕಾಯಿತು. ಕೊನೆಗೆ ಹೆಂಡತಿಯೇ ಮೆಸೇಜ್ ಮಾಡಿದರು: “ಬೇರೆ ನೋಡಿ ಅಕ್ಕ. ಅವರೂ ಒಪ್ಪಿದರು.”

ನೋಡಿದ ಜಾಗಗಳು

ಹೊಸದಾಗಿ ಹುಡುಕಲು ಕೂತೆವು. ಈ ಸಲ ಹೋಟೆಲ್ ಹೆಸರಿನಿಂದ ಶುರು ಮಾಡಲಿಲ್ಲ. ಊರಿನ ಭಾಗಗಳಿಂದ ಶುರು ಮಾಡಿದೆವು.

ಹಳೇ ಊರಿನ ಓಣಿಗಳಲ್ಲಿ ಒಂದು ಅಪಾರ್ಟ್‌ಮೆಂಟ್ ಹೆಂಡತಿಗೆ ಬಹಳ ಇಷ್ಟವಾಗಿತ್ತು. ಈ ಓಣಿಗಳನ್ನು ಅಲ್ಲಿಯವರು ಕರೂಜಿ ಅನ್ನುತ್ತಾರೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದಾದವೂ ಇವೆ. ಮನೆಗಳು ಆರೇಳು ಮಹಡಿ ಎತ್ತರ, ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪ. ನನಗೆ ಈ ಓಣಿಗಳೆಂದರೆ ಪ್ರಾಣ. ಆದರೆ ಟ್ಯಾಕ್ಸಿ ಒಳಗೆ ಬರುವುದಿಲ್ಲ. ಸೂಟ್‌ಕೇಸ್ ಎಳೆದುಕೊಂಡೇ ಹೋಗಬೇಕು. ಆ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅಡುಗೆಮನೆಯ ಆಸೆ ಅಲ್ಲಿಗೆ ಬಿಟ್ಟೆವು.

ಬ್ರಿನ್ಯೋಲೆ ಸ್ಟೇಷನ್ ಸುತ್ತಮುತ್ತ ನೋಡಿದೆವು. ಪೂರ್ವ ಭಾಗ, ಅಗಲ ರಸ್ತೆ, ಮಟ್ಟಸ ನೆಲ, ಒಳ್ಳೆ ಹೋಟೆಲುಗಳು. ಬೇರೆ ತಿಂಗಳಾಗಿದ್ದರೆ ನಾನು ಇಲ್ಲೇ ಹಾಕುತ್ತಿದ್ದೆನೇನೋ. ಆದರೆ ಅಕ್ಟೋಬರ್, ನವೆಂಬರ್ ಅಂದರೆ ಇಲ್ಲಿ ಜೋರು ಮಳೆಗಾಲ. ಬಿಸಾನ್ಯೊ ಅನ್ನುವ ಹಳ್ಳ ಈ ಭಾಗದಲ್ಲಿ ರಸ್ತೆಯ ಅಡಿಯಲ್ಲಿ ಹರಿದು ಸಮುದ್ರ ಸೇರುತ್ತದೆ. 1970ರಲ್ಲಿ, ಮತ್ತೆ 2014ರ ಅಕ್ಟೋಬರಿನಲ್ಲಿ ಉಕ್ಕಿ ಬೀದಿಗಳನ್ನು ಮುಳುಗಿಸಿತು. 2011ರ ನವೆಂಬರ್ 4ರಂದು ಅದೂ ಅದನ್ನು ಸೇರುವ ಫೆರೆಜ್ಜಾನೊ ಹಳ್ಳವೂ ಉಕ್ಕಿ ಆರು ಜನ ಸತ್ತರು. ಎಲ್ಲ ಮಳೆಗೂ ಹಾಗಾಗುವುದಿಲ್ಲ ನಿಜ. ಆದರೂ ಹಡಗಿನ ಕಟ್ಟೆ ಊರಿನ ಇನ್ನೊಂದು ತುದಿಯಲ್ಲಿದ್ದಾಗ, ಮಳೆ ದಿನ ಊರು ದಾಟುವ ತಾಪತ್ರಯ ಯಾಕೆ ಅನಿಸಿತು.

ನೆರ್ವಿ ಅನ್ನುವ ಕಡಲ ತೀರದ ಬಡಾವಣೆಯನ್ನು ಗಂಡ ಹೇಳಿದರು. ಸುಂದರ ಜಾಗ. ಬಂಡೆಗಳ ಮೇಲೆ, ಅಲೆಗಳ ಪಕ್ಕದಲ್ಲೇ ನಡೆಯುವ ದಾರಿ ಇದೆ. ಆದರೆ ದಿನಾ ರೈಲು ಹಿಡಿದು ಊರಿಗೆ ಬರಬೇಕು. ಬಿಟ್ಟೆವು.

ಉಳಿದದ್ದು ಪಿಯಾತ್ಸಾ ಪ್ರಿಂಚಿಪೆ ಸ್ಟೇಷನ್ ಹತ್ತಿರ. ಮಿಲಾನಿನಿಂದ ಬರುವ ರೈಲು ಮೊದಲು ನಿಲ್ಲುವುದು ಇಲ್ಲೇ. ಕ್ರೂಸ್ ಕಟ್ಟೆ ಇದಕ್ಕೆ ಸರೀ ಕೆಳಗೆ, ಇಳಿಜಾರಿನಲ್ಲಿ ಹತ್ತು ನಿಮಿಷ. ಮೆಟ್ರೊ ಸ್ಟೇಷನ್ ಬಾಗಿಲಲ್ಲೇ. ಅಕ್ವೇರಿಯಂಗೆ ಎರಡು ನಿಲ್ದಾಣ. ಮ್ಯಾಪಿನಲ್ಲಿ ಎಲ್ಲ ಸರಿಹೋಗುತ್ತಿತ್ತು.

ಹೆದರಿಕೆ ಬಂದದ್ದು ವಿಮರ್ಶೆ ಓದಿ. ಪಕ್ಕದಲ್ಲೇ ವಿಯಾ ಪ್ರೆ ಅನ್ನುವ ಹಳೇ ಓಣಿ. ರಾತ್ರಿ ಹುಷಾರು, ಹೋಗಬೇಡಿ ಅಂತ ಸಾಲು ಸಾಲು. ಚಿಕ್ಕಮ್ಮ ಬೇಡವೇ ಬೇಡ ಅಂದರು. ನಾನು ಆ ವಿಮರ್ಶೆಗಳನ್ನು ಮತ್ತೆ ಓದಿದೆ. ಹೆಚ್ಚಿನವರು ಹೇಳಿದ್ದು ಓಣಿಯ ಬಗ್ಗೆ, ಅದೂ ರಾತ್ರಿ ಹೊತ್ತು. ಸ್ಟೇಷನ್ನಿಂದ ಇಳಿದು ಬರುವ ವಿಯಾ ಬಾಲ್ಬಿ ಬೇರೆ ರಸ್ತೆ. ಯೂನಿವರ್ಸಿಟಿ ಅಲ್ಲೇ ಇದೆ, ಬಸ್ಸು ಓಡುತ್ತವೆ, ಹುಡುಗ ಹುಡುಗಿಯರು ತಡರಾತ್ರಿವರೆಗೂ ಓಡಾಡುತ್ತಾರೆ. ಇನ್ನೊಂದು ಮಾತು. ವಿಯಾ ಪ್ರೆಯಲ್ಲಿ ದಕ್ಷಿಣ ಏಷ್ಯಾ, ಆಫ್ರಿಕಾದಿಂದ ಬಂದವರ ಅಂಗಡಿಗಳು ಜಾಸ್ತಿ. ಕೆಲವು ಪ್ರವಾಸಿಗರಿಗೆ ಬೇರೆ ಬಣ್ಣದ ಮುಖಗಳು ಕಂಡರೆ ಸಾಕು, ಅಪಾಯ ಅಂತ ಬರೆದುಬಿಡುತ್ತಾರೆ. ನಮ್ಮ ಮುಖವೂ ಅದೇ ಬಣ್ಣದ್ದು ಅಲ್ವಾ? ಹಗಲು ಹೋಗಬಹುದು, ಕತ್ತಲಾದ ಮೇಲೆ ಒಳ ಓಣಿ ಬೇಡ, ದೊಡ್ಡ ರಸ್ತೆಯಲ್ಲೇ ಬನ್ನಿ ಅಂತ ಹೇಳಿದೆ. ಇವತ್ತೂ ಅದನ್ನೇ ಹೇಳುತ್ತೇನೆ.

ತಿರುವು: ಒಂದು ಪತ್ರ, ಮೂರು ಉತ್ತರ

ಪ್ರಿಂಚಿಪೆ ಹತ್ತಿರ ಮೂರು ಹೋಟೆಲ್ ಉಳಿದವು. ಮೂರರ ಪಟ್ಟಿಯಲ್ಲೂ ‘ಲಿಫ್ಟ್ ಇದೆ’ ಅಂತ ಇತ್ತು. ಮೊದಲಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದೆ. ಈ ಸಲ ಮೂವರಿಗೂ ಒಂದೇ ಪತ್ರ ಬರೆದೆ, ಇಟಾಲಿಯನ್‌ನಲ್ಲಿ, ಅನುವಾದದ ಆ್ಯಪ್ ಇಟ್ಟುಕೊಂಡು.

ಬೀದಿಯಿಂದ ಲಿಫ್ಟಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಲಿಫ್ಟಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ? ಸ್ನಾನಕ್ಕೆ ಟಬ್ಬೋ ಶವರೋ, ಕಾಲು ಎಷ್ಟು ಎತ್ತಿ ಇಡಬೇಕು? ಹಿರಿಯರಿಬ್ಬರಿಗೆ ಎರಡು ಬೇರೆ ಮಂಚ ಸಿಗುತ್ತದೆಯೇ? ರಾತ್ರಿ ರೈಲು ತಡವಾದರೆ ಬಾಗಿಲು ತೆಗೆಯುವವರು ಇರುತ್ತಾರೆಯೇ? ಹಡಗಿನ ದಿನ ರೂಮು ಬಿಟ್ಟ ಮೇಲೆ ಸಾಮಾನು ಇಡಬಹುದೇ? ಹೆಚ್ಚುವರಿ ಕಂಬಳಿ ಇದೆಯೇ?

ಒಂದೊಂದಕ್ಕೂ ಕಾರಣ ಇದೆ. ಜೆನೋವಾದ ಎಷ್ಟೋ ಹೋಟೆಲುಗಳು ಹಳೇ ಅರಮನೆಯಂಥ ಕಟ್ಟಡದ ಒಂದೋ ಎರಡೋ ಮಹಡಿಯಲ್ಲಿವೆ. ಲಿಫ್ಟನ್ನು ನೂರಾರು ವರ್ಷ ಆದ ಮೇಲೆ ಎಲ್ಲೋ ಮೂಲೆಯಲ್ಲಿ ತೂರಿಸಿದ್ದಾರೆ. ಎಷ್ಟೋ ಕಡೆ ಅರ್ಧ ಮಹಡಿ ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರುವಾಗುತ್ತದೆ. ಚಾವಣಿ ಎತ್ತರ ಇರುವುದರಿಂದ ಅಲ್ಲಿನ ಎರಡನೇ ಮಹಡಿ ನಮ್ಮ ಮೂರು ಮಹಡಿಗೆ ಸಮ. ಮಂಚದ ವಿಷಯ ಏನೆಂದರೆ, ಇಟಲಿಯಲ್ಲಿ ‘ಮತ್ರಿಮೊನಿಯಾಲೆ’ ಅಂದರೆ ಗಂಡ ಹೆಂಡತಿಗೆ ಒಂದೇ ದೊಡ್ಡ ಮಂಚ, ‘ದೋಪ್ಪಿಯಾ’ ಅಂದರೆ ಎರಡು ಒಂಟಿ ಮಂಚ. ಅಕ್ಕ ತಂಗಿಗೆ ಎರಡನೆಯದು ಬೇಕು. ಕಂಬಳಿ ಯಾಕೆ ಅಂದರೆ, ಈ ಭಾಗದಲ್ಲಿ ಕಟ್ಟಡಗಳನ್ನು ಬೆಚ್ಚಗೆ ಮಾಡುವ ಹೀಟಿಂಗನ್ನು ಕಾನೂನಿನ ಪ್ರಕಾರ ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಮಾತ್ರ ಹಾಕುತ್ತಾರೆ. ಅಕ್ಟೋಬರಿನ ಮಳೆಯಲ್ಲಿ ರೂಮು ತಣ್ಣಗಿರುತ್ತದೆ.

ಮೊದಲನೇ ಹೋಟೆಲಿನಿಂದ ಉತ್ತರವೇ ಬರಲಿಲ್ಲ. ಎರಡನೆಯದು ಎಲ್ಲದಕ್ಕೂ ಸೇರಿಸಿ ಒಂದೇ ಸಾಲು ಬರೆಯಿತು: ಲಿಫ್ಟ್ ಇದೆ, ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ. ಮೂರನೆಯದು ಎರಡು ದಿನ ತಡವಾಗಿ ಬಂತು. ಆದರೆ ಪ್ರಶ್ನೆ ಪ್ರಶ್ನೆಗೂ ಉತ್ತರ. ಬೀದಿ ಬಾಗಿಲಲ್ಲಿ 4 ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಲಿಫ್ಟಿನಲ್ಲಿ ಮೂರು ಜನ, ದೊಡ್ಡ ಸೂಟ್‌ಕೇಸ್ ಇದ್ದರೆ ಒಬ್ಬರೇ. ಶವರು ಸಣ್ಣದು, ಒಂದು ಗೇಣು ಕಾಲೆತ್ತಬೇಕು. ಎರಡು ಮಂಚದ ರೂಮು ರಸ್ತೆ ಕಡೆಗಿದೆ, ಬಸ್ಸಿನ ಸದ್ದು ಕೇಳುತ್ತದೆ. ರಾತ್ರಿಯಿಡೀ ಒಬ್ಬರು ಇರುತ್ತಾರೆ. ಸಾಮಾನು ಇಡಬಹುದು. ಕೆಟಲ್ ಇಲ್ಲ, ಆದರೆ ಯಾವಾಗ ಕೇಳಿದರೂ ಬಿಸಿನೀರು ಕೊಡುತ್ತೇವೆ. ಕೆಟಲ್ ಬಗ್ಗೆ ನಾನು ಕೇಳಿಯೇ ಇರಲಿಲ್ಲ.

ಗಂಡ ಇದನ್ನು ಓದಿ, “ಇಷ್ಟು ಕೊರತೆ ಇದೆಯಲ್ಲ ಅಕ್ಕ” ಅಂದರು. ಕೊರತೆ ಬೇರೆ ಎರಡರಲ್ಲೂ ಇದ್ದೇ ಇರುತ್ತದೆ, ಹೇಳಿದವರು ಇವರೊಬ್ಬರೇ ಅಂದೆ. ಕಂಬಿ ಇಲ್ಲ ಅಂತ ಬರೆದವರು ಆ ನಾಲ್ಕು ಮೆಟ್ಟಿಲನ್ನು ಒಬ್ಬ ಅಜ್ಜಿಯ ಕಣ್ಣಿನಿಂದ ನೋಡಿದ್ದಾರೆ. ಇದೇ ಈ ಪ್ರಕರಣದ ತಿರುವು ಅಂತ ನಾನು ನಂಬಿದ್ದೇನೆ. ರೇಟಿಂಗಿನಲ್ಲಿ ಮೂರರಲ್ಲಿ ಇದಕ್ಕೇ ಕಮ್ಮಿ ಇತ್ತು. ಇದನ್ನೇ ಹಿಡಿದೆವು, ಬೇಡವಾದರೆ ರದ್ದು ಮಾಡಬಹುದಾದ ದರದಲ್ಲಿ, ರಾತ್ರಿಗೆ ಸ್ವಲ್ಪ ಜಾಸ್ತಿ ಕೊಟ್ಟು.

ಜೆನೋವಾದಲ್ಲಿ ಅತಿಥಿಗೆ ಮನೆ ಆರಿಸುವುದು ಹಳೇ ವಿದ್ಯೆ. 1576ರಲ್ಲಿ ಇಲ್ಲಿನ ಗಣರಾಜ್ಯ ಶ್ರೀಮಂತರ ಅರಮನೆಗಳ ಪಟ್ಟಿ ಮಾಡಿತು. ಹೊರಗಿನಿಂದ ರಾಜರು, ರಾಯಭಾರಿಗಳು ಬಂದರೆ ಆ ಪಟ್ಟಿಯ ಮನೆಯವರು ಅವರನ್ನು ಇಳಿಸಿಕೊಳ್ಳಲೇಬೇಕು. ಪಟ್ಟಿಗೆ ‘ರೊಲ್ಲಿ’ ಅಂತ ಹೆಸರು. ಬಂದವರ ಅಂತಸ್ತಿಗೆ ತಕ್ಕಂತೆ ಮನೆಗಳಿಗೂ ದರ್ಜೆ ಇತ್ತು, ಚೀಟಿ ಎತ್ತಿ ಮನೆ ಆರಿಸುತ್ತಿದ್ದರು. ಆ ಅರಮನೆಗಳಲ್ಲಿ 42ಕ್ಕೆ 2006ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ವಿಯಾ ಬಾಲ್ಬಿ ರಸ್ತೆಯಲ್ಲೂ ಅಂಥವು ಇವೆ.

ನಡೆದದ್ದು

ರೈಲು ಒಂದು ಗಂಟೆ ತಡ. ರಾತ್ರಿ ಹತ್ತು ದಾಟಿತ್ತು, ಮಳೆ ಸುರಿಯುತ್ತಿತ್ತು. ಬಾಗಿಲು ತೆರೆದೇ ಇತ್ತು. ರಾತ್ರಿ ಪಾಳಿಯವರು ಹೊರಗೆ ಬಂದು, ತಾಯಿಯ ತೋಳು ಹಿಡಿದು ನಾಲ್ಕು ಮೆಟ್ಟಿಲು ಹತ್ತಿಸಿದರಂತೆ. ಆಮೇಲೆ ಎಲ್ಲರ ಪಾಸ್‌ಪೋರ್ಟ್ ಕೇಳಿದರು. ಚಿಕ್ಕಮ್ಮ ಗಾಬರಿಯಾದರು. ಇಟಲಿಯಲ್ಲಿ ಉಳಿಯುವ ಪ್ರತಿಯೊಬ್ಬರ ವಿವರವನ್ನೂ ಹೋಟೆಲಿನವರು ಪೊಲೀಸರಿಗೆ ಕಳಿಸಲೇಬೇಕು, ಅದು ಕಾನೂನು. ಇದನ್ನು ನಾನು ಮೊದಲೇ ಹೇಳಿರಬೇಕಿತ್ತು, ಮರೆತಿದ್ದೆ. ಹಾಗೆಯೇ ನಗರದ ಪ್ರವಾಸಿ ತೆರಿಗೆ. ರೂಮಿನ ದರದ ಮೇಲೆ ಬೇರೆಯಾಗಿ, ತಲೆಗೆ ಇಷ್ಟು ಅಂತ ಅಲ್ಲೇ ಕಟ್ಟಬೇಕು. ಅದನ್ನು ಹೇಳಿದ್ದೆ.

ಮಾರನೇ ದಿನ ಬೆಳಿಗ್ಗೆ ಚಿಕ್ಕಮ್ಮನಿಂದ ಬಂದ ಮೊದಲ ಸುದ್ದಿ ಬಾತ್‌ರೂಮಿನದು. ಅಲ್ಲಿ ಕಮೋಡಿನ ಪಕ್ಕ ತೊಳೆದುಕೊಳ್ಳಲೆಂದೇ ನಲ್ಲಿ ಇರುವ ಇನ್ನೊಂದು ಬೋಗುಣಿ ಇತ್ತು, ಬಿಡೆ. ಇಟಲಿಯ ಮನೆಗಳಲ್ಲಿ ಇದು ಇರಲೇಬೇಕು ಅಂತ 1975ರಿಂದ ನಿಯಮವೇ ಇದೆ. ಹೋಟೆಲುಗಳಲ್ಲೂ ಸಾಮಾನ್ಯ. ನಮ್ಮ ಕಡೆಯ ಹಿರಿಯರು ಯುರೋಪಿಗೆ ಹೊರಟಾಗ ನಾಚಿಕೆಯಿಂದ ಕೇಳದೆ ಬಿಡುವ ವಿಷಯ ಇದು. ಇಟಲಿಯಲ್ಲಿ ಆ ಚಿಂತೆ ಬೇಡ ಅಂತ ಈಗ ನಾನೇ ಮೊದಲು ಹೇಳುತ್ತೇನೆ.

ಅದೇ ದಿನ ಮಗಳು ಅಕ್ವೇರಿಯಂ ನೋಡಿದಳು. ಮಧ್ಯಾಹ್ನ ಮೂರಕ್ಕೆ ಎಲ್ಲರಿಗೂ ಹಸಿವು. ಇಲ್ಲಿ ಒಂದು ತೊಡಕಾಯಿತು. ರೆಸ್ಟೋರೆಂಟುಗಳು ಮಧ್ಯಾಹ್ನದ ಊಟ ಮುಗಿಸಿ ಬಾಗಿಲು ಹಾಕಿದ್ದವು. ಮತ್ತೆ ತೆಗೆಯುವುದು ರಾತ್ರಿ ಏಳರ ಮೇಲೆ. ನಾನು ಹೇಳಿದ್ದ ಒಂದು ಫರಿನಾತಾ ಅಂಗಡಿ ಹುಡುಕಿದರು. ವಿಳಾಸದಲ್ಲಿ ಸಂಖ್ಯೆ ಆದಮೇಲೆ ‘ಆರ್’ ಅಕ್ಷರ ಇತ್ತು, ‘ರೊಸ್ಸೊ’ ಅಂದರೆ ಕೆಂಪು ಅಂತ. ಜೆನೋವಾದಲ್ಲಿ ಮನೆಗಳಿಗೆ ಕಪ್ಪು ಸಂಖ್ಯೆ, ಅಂಗಡಿಗಳಿಗೆ ಕೆಂಪು ಸಂಖ್ಯೆ. ಒಂದೇ ಬೀದಿಯಲ್ಲಿ ಎರಡೂ ಬೇರೆ ಬೇರೆ ಸಾಲಾಗಿ ಹೋಗುತ್ತವೆ. ಇವರು ಕಪ್ಪು ಸಂಖ್ಯೆಯ ಮನೆ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದರು. ಕೊನೆಗೆ ಅಂಗಡಿ ಸಿಕ್ಕಿತು. ಫರಿನಾತಾ ಅಂದರೆ ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ದೊಡ್ಡ ತಾಮ್ರದ ತಟ್ಟೆಯಲ್ಲಿ ಹರಡಿ ಕಟ್ಟಿಗೆ ಒಲೆಯಲ್ಲಿ ಬೇಯಿಸುತ್ತಾರೆ. ತಾಯಿ ಎರಡು ಸಲ ಹಾಕಿಸಿಕೊಂಡು ತಿಂದರು. ಅಡುಗೆಮನೆ ಇಲ್ಲದ ಕೊರತೆ ಅರ್ಧ ನೀಗಿತು. ಉಳಿದರ್ಧಕ್ಕೆ ಹೋಟೆಲಿನ ಬಿಸಿನೀರು, ಊರಿಂದ ತಂದ ಉಪ್ಪಿಟ್ಟಿನ ರೆಡಿ ಮಿಕ್ಸ್.

ಸಮುದ್ರದ ನೋಟ ಸಿಕ್ಕಿದ್ದು ಮೂರನೇ ದಿನ. ಬೆಳಿಗ್ಗೆ ಮಳೆಯ ಕಿತ್ತಳೆ ಎಚ್ಚರಿಕೆ ಇತ್ತು. ಹಳದಿ, ಕಿತ್ತಳೆ, ಕೆಂಪು ಅಂತ ಅಲ್ಲಿ ಮೂರು ಹಂತ. ರಿಸೆಪ್ಷನ್ನಿನವರೇ ತಿಳಿಸಿ, ಮಧ್ಯಾಹ್ನದವರೆಗೆ ದೂರ ಹೋಗಬೇಡಿ ಅಂದರು. ಹಳೇ ಬಂದರಿನ ಎದುರಿನ ಸೊತ್ತೊರೀಪಾ ಅನ್ನುವ ಕಮಾನು ಸಾಲಿನಡಿ ನೆನೆಯದೆ ಓಡಾಡಿದರು. ಸಂಜೆ ಮೋಡ ಬಿಟ್ಟಿತು. ಪೋರ್ತೆಲ್ಲೊ ಚೌಕದಿಂದ 1909ರ ಲಿಫ್ಟ್ ಹತ್ತಿ ಕಸ್ತೆಲ್ಲೆತ್ತೊ ಗುಡ್ಡಕ್ಕೆ ಹೋದರು. ಲಿಫ್ಟಿನ ಬಾಗಿಲು ತೆಗೆದರೆ ಎದುರಿಗೆ ಊರಿನ ಕಪ್ಪು ಹಂಚಿನ ಮಾಡುಗಳು, ಅದರಾಚೆ ಬಂದರು, 1543ರಿಂದ ನಿಂತಿರುವ 77 ಮೀಟರ್ ಎತ್ತರದ ಲಾಂತೆರ್ನಾ ದೀಪಸ್ತಂಭ. ತಾಯಿ ಒಂದು ಮೆಟ್ಟಿಲೂ ಹತ್ತದೆ ಅಲ್ಲಿ ಕೂತಿದ್ದರು. ಗಂಡ ಫೋಟೊ ಕಳಿಸಿ ಬರೆದರು: “ಇದಕ್ಕೇ ಅಲ್ವಾ ಅಕ್ಕ ನಾನು 400 ಯೂರೊ ಕೊಟ್ಟಿದ್ದು.”

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ರಸ್ತೆ ಕಡೆಯ ರೂಮಿನಲ್ಲಿ ಮೊದಲ ರಾತ್ರಿ ಹಿರಿಯರಿಬ್ಬರಿಗೂ ನಿದ್ದೆ ಇಲ್ಲ. ಬೆಳಗಿನ ಜಾವವೇ ಬಸ್ಸು ಶುರು. ಸದ್ದು ಇದೆ ಅಂತ ಹೋಟೆಲಿನವರು ಬರೆದಿದ್ದರು, ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಎರಡನೇ ರಾತ್ರಿ ಮಗ ಸೊಸೆ ರೂಮು ಬದಲಾಯಿಸಿಕೊಂಡರು. ಅಕ್ಕ ತಂಗಿ ಒಂದೇ ಮಂಚದಲ್ಲಿ, ಆದರೆ ಅಂಗಳದ ಕಡೆ ನಿಶ್ಶಬ್ದದಲ್ಲಿ ಮಲಗಿದರು. ಎರಡು ಮಂಚ ಮುಖ್ಯವೋ ನಿದ್ದೆ ಮುಖ್ಯವೋ ಅಂತ ನಾನು ಅವರನ್ನೇ ಮೊದಲು ಕೇಳಬಹುದಿತ್ತು.

ಹಡಗಿನ ದಿನ ಹನ್ನೊಂದಕ್ಕೆ ರೂಮು ಬಿಟ್ಟರು, ಸಾಮಾನು ಅಲ್ಲೇ ಇಟ್ಟರು. ಒಂದು ಗಂಟೆಗೆ ತಾಯಿ, ಚಿಕ್ಕಮ್ಮ ಸೂಟ್‌ಕೇಸುಗಳ ಜೊತೆ ಟ್ಯಾಕ್ಸಿಯಲ್ಲಿ, ಉಳಿದ ಮೂವರು ಇಳಿಜಾರಿನಲ್ಲಿ ನಡೆದು. ನಡೆದವರು ಕಟ್ಟೆಗೆ ಬಂದಾಗ ಟ್ಯಾಕ್ಸಿ ಇನ್ನೂ ಸಿಗ್ನಲ್ಲಿನಲ್ಲಿ ನಿಂತಿತ್ತಂತೆ.

ಆಮೇಲೆ ನಾನು ಬದಲಾಯಿಸಿಕೊಂಡದ್ದು

ಈ ಪ್ರಕರಣ ಆದ ಮೇಲೆ ಇಟಲಿಯ ಯಾವ ಬಂದರು ಊರಿಗೆ ಕೇಳಿದರೂ, ಮೊದಲು ಹಡಗಿನ ಟಿಕೆಟ್ ತರಿಸಿ ಕಟ್ಟೆಯ ಹೆಸರು ನೋಡುತ್ತೇನೆ. ನೇಪಲ್ಸಿನಲ್ಲೂ ಇದೇ ಕಥೆ. ಕಾಪ್ರಿ ದ್ವೀಪಕ್ಕೆ ಹೋಗುವ ವೇಗದ ದೋಣಿಗಳು ಮೋಲೊ ಬೆವೆರೆಲ್ಲೊದಿಂದ, ದೊಡ್ಡ ಫೆರ್ರಿಗಳು ಕಲಾತಾ ಪೋರ್ತಾ ದಿ ಮಾಸ್ಸಾದಿಂದ, ಕ್ರೂಸ್ ಹಡಗು ಇವೆರಡರ ನಡುವಿನ ಕಟ್ಟೆಯಿಂದ. ‘ರೋಮ್ ಬಂದರು’ ಅಂತ ಹಾಕಿದ್ದರೆ ಅದು ಚಿವಿತಾವೆಕ್ಕಿಯಾ, ರೋಮಿನಿಂದ ಸುಮಾರು 70 ಕಿಲೋಮೀಟರ್ ದೂರ. ವೆನಿಸ್ ಇನ್ನೂ ತೊಡಕು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಊರಿನ ನಡುವಿನ ಜುದೆಕ್ಕಾ ಕಾಲುವೆಗೆ ಬರುವ ಹಾಗಿಲ್ಲ. ವೆನಿಸ್ ಅಂತ ಬರೆದ ಪ್ರಯಾಣ ದ್ವೀಪದ ಆಚೆ, ಒಳನಾಡಿನ ದಡದಲ್ಲಿರುವ ಮಾರ್ಗೇರಾದಿಂದ ಹೊರಡಬಹುದು, ಬೇರೆ ಊರಿನ ಬಂದರಿನಿಂದಲೂ ಹೊರಡಬಹುದು. ಇದು ಗೊತ್ತಿಲ್ಲದೆ ಹೋಟೆಲ್ ಹುಡುಕುವುದು ವಿಳಾಸ ಇಲ್ಲದ ಮದುವೆಗೆ ಹೊರಟ ಹಾಗೆ.

ವಾಪಸ್ ಬಾರದ ದರವನ್ನು ಹಿರಿಯರು ಜೊತೆಗಿದ್ದರೆ ನಾನು ಈಗ ತೆಗೆದುಕೊಳ್ಳಲು ಬಿಡುವುದಿಲ್ಲ. ಮತ್ತೆ, ಪ್ರವಾಸದ ಮೊದಲ ಫೋನ್ ಕಾಲಿನಲ್ಲೇ ಮನೆಯ ಹಿರಿಯರ ಕೈಗೆ ಫೋನ್ ಕೊಡಿಸಿ, ಬೇರೆಯವರು ಇಲ್ಲದಾಗ ಮಾತಾಡುತ್ತೇನೆ. ಮಗ ಸೊಸೆ ಎದುರಿಗಿದ್ದರೆ ಅವರು ಹೇಳುವುದು “ಹೆಂಗಾದ್ರೂ ಆಗ್ತದೆ” ಅಂತ ಮಾತ್ರ.

ಊರಿಗೆ ಬಂದ ಮೇಲೆ ಆ ತಾಯಿಗೆ ಫೋನ್ ಮಾಡಿ ಹೋಟೆಲ್ ಹೇಗಿತ್ತು ಅಂತ ಕೇಳಿದೆ. ಮಂಚ, ತಿಂಡಿ, ಮಳೆ ಯಾವುದನ್ನೂ ಹೇಳಲಿಲ್ಲ.

“ನಾಕೇ ಮೆಟ್ಲು ಇದ್ವು ಕಣವ್ವಾ. ಅವ್ರು ಬರ್ದಂಗೇ.”